ಒಂದು ಹಳೆಯ ಲೇತಿನ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತನ್ನು ನೀವು ದೇವಾಲಯಗಳ ಸಂಬಂಧದಲ್ಲಿ ಕೇಳಿರುತ್ತೀರಿ. ಕಾಲವಶದಿಂದ ಶಿಥಿಲವಾದ ಗುಡಿಯನ್ನು, ಅದರ ಮೂಲಸ್ವರೂಪಕ್ಕೆ ಕುಂದು ಬಾರದಂತೆ, ಮತ್ತೆ ಎತ್ತಿ ನಿಲ್ಲಿಸುವುದಕ್ಕೆ ಆ ಹೆಸರು. ಈ ಲೇಖನದಲ್ಲಿ ನಾನು ಒಂದು ಯಂತ್ರದ ಜೀರ್ಣೋದ್ಧಾರವನ್ನು ಕುರಿತು ಹೇಳಬೇಕೆಂದಿದ್ದೇನೆ. ತುಕ್ಕು ಹಿಡಿದ ಕಬ್ಬಿಣಕ್ಕೆ ಇಷ್ಟು ದೊಡ್ಡ ಮಾತೇಕೆ ಎಂದು ನೀವು ನಗಬಹುದು. ಓದಿ ಮುಗಿಸಿದ ಮೇಲೆ ಆ ಮಾತು ಸಲ್ಲುತ್ತದೆಯೋ ಇಲ್ಲವೋ ಎಂಬುದನ್ನು ನೀವೇ ತೀರ್ಮಾನಿಸಿರಿ.

ಕಳೆದ ವರ್ಷ ವರ್ಗದಲ್ಲಿ ತಿರುಪಿನ ತತ್ತ್ವವನ್ನು ಹೇಳಿಕೊಡುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, “ಸರ್, ನಮ್ಮ ಮನಿಯೊಳಗ ತಿರುಪು ಮಾಡೋ ಮಷೀನೇ ಐತ್ರಿ, ಆದರ ಅದು ತಿರುಗಂಗಿಲ್ರಿ” ಎಂದಳು. ವರ್ಗವೆಲ್ಲ ನಕ್ಕಿತು. ನಾನು ಮಾತ್ರ ಅದನ್ನು ನೋಡಲು ಹೋದೆನು.

ಆಕೆಯ ಅಜ್ಜನವರು ಗದಗಿನ ಕಡೆಯವರು. ಹಳ್ಳಿಯ ಶಾಲೆಯಲ್ಲಿ ಕನ್ನಡ ನಾಲ್ಕನೆಯ ಇಯತ್ತೆಯವರೆಗೆ ಓದಿ, ಹದಿನೆಂಟರ ಹರೆಯದಲ್ಲಿ ಮುಂಬಯಿಗೆ ಬಂದು, ಒಂದು ಬಟ್ಟೆಯ ಗಿರಣಿಯ ವರ್ಕ್‌ಶಾಪಿನಲ್ಲಿ ಟರ್ನರ್ ಕೆಲಸ ಕಲಿತವರು. ೧೯೮೨ರ ಜನವರಿಯಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರ ದೊಡ್ಡ ಮುಷ್ಕರ ಆರಂಭವಾಯಿತು. ಅದರ ತರುವಾಯ ಎಷ್ಟೋ ಜನ ಮತ್ತೆ ಗಿರಣಿಯ ಬಾಗಿಲು ಕಾಣಲಿಲ್ಲ. ಅಜ್ಜನವರೂ ಅವರಲ್ಲೊಬ್ಬರು. ಆಮೇಲೆ ಕುರ್ಲಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಬಹುಕಾಲ ದುಡಿದರು. ಅದೂ ಮುಚ್ಚಿದಾಗ, ಬರಬೇಕಾಗಿದ್ದ ಸಂಬಳದ ಬದಲಿಗೆ ಅವರ ಪಾಲಿಗೆ ಬಂದುದು ಒಂದು ಹಳೆಯ ಲೇತ್. ಅದನ್ನು ಮನೆಯ ಹಿಂದಿನ ತಗಡಿನ ಚಪ್ಪರದಲ್ಲಿರಿಸಿ ತಾಡಪತ್ರಿ ಹೊದಿಸಿದರು. ಇಂದು ಬಿಚ್ಚೋಣ, ನಾಳೆ ಬಿಚ್ಚೋಣ ಎನ್ನುವಷ್ಟರಲ್ಲಿ ಹನ್ನೆರಡು ಮಳೆಗಾಲಗಳು ಕಳೆದುಹೋದವು; ಅಜ್ಜನವರ ಕಣ್ಣೂ ಮಂದವಾಯಿತು.

ಬೇಸಗೆಯ ರಜೆಗೆ ಮೊದಲು ಮನೆಯವರು ಅದನ್ನು ಭಂಗಾರದವರಿಗೆ ತೂಕದ ಲೆಕ್ಕದಲ್ಲಿ ಕೊಟ್ಟುಬಿಡುವುದೆಂದು ನಿಶ್ಚಯಿಸಿದ್ದರು. ಅವರನ್ನು ತಪ್ಪೆನ್ನಲಾಗದು. ಈ ನಗರದಲ್ಲಿ ಆರಡಿ ಜಾಗವೆಂದರೆ ಒಬ್ಬ ಮನುಷ್ಯ ಕೈಕಾಲು ಚಾಚಿ ಮಲಗುವ ಜಾಗ. ಅಜ್ಜನವರು ಏನನ್ನೂ ಹೇಳಲಿಲ್ಲ. ಮೊಮ್ಮಗಳು ಮಾತ್ರ ಒಂದು ಕರಾರು ಮಾಡಿಕೊಂಡಳು: ರಜೆ ಮುಗಿಯುವುದರೊಳಗೆ ಯಂತ್ರ ತಿರುಗಿ, ನಾಲ್ಕು ಕಾಸಿನ ಕೆಲಸ ಮಾಡಿ ತೋರಿಸಿದರೆ ಇರಲಿ, ಇಲ್ಲವಾದರೆ ಹೋಗಲಿ. ನೋಡಲು ಹೋದ ನಾನೂ ಆ ಕರಾರಿನೊಳಗೆ ಸೇರಿಕೊಂಡೆನು.

ಲೇತ್ ಎಂದರೇನು?

ಕುಂಬಾರನ ತಿಗರಿಯನ್ನು ನೀವು ಬಲ್ಲಿರಿ. ಅಲ್ಲಿ ಮಣ್ಣಿನ ಮುದ್ದೆ ತಿರುಗುತ್ತದೆ. ಕುಂಬಾರನ ಕೈ ಅದಕ್ಕೆ ತಾಗಿ ನಿಂತು ಆಕಾರ ಕೊಡುತ್ತದೆ. ತಿಗರಿಯನ್ನು ಅಡ್ಡವಾಗಿ ಮಲಗಿಸಿ, ಮಣ್ಣಿನ ಬದಲು ಕಬ್ಬಿಣದ ಸರಳನ್ನು ತಿರುಗಿಸಿ, ಕೈಯ ಬದಲು ಗಟ್ಟಿ ಉಕ್ಕಿನ ಉಳಿಯನ್ನು ತಾಗಿಸಿದರೆ ಅದೇ ಲೇತ್. ತಿರುಗುವ ಲೋಹದಿಂದ ಉಳಿಯು ಸುರುಳಿ ಸುರುಳಿಯಾಗಿ ಹೆರೆಯನ್ನು ತೆಗೆಯುತ್ತ ಹೋಗುತ್ತದೆ. ವಸ್ತು ದುಂಡಾಗುತ್ತ ಬರುತ್ತದೆ. ಈ ಕೆಲಸಕ್ಕೆ ಕನ್ನಡದಲ್ಲಿ ‘ಕಡೆಯುವುದು’ ಎಂಬ ಒಳ್ಳೆಯ ಮಾತು ಇದೆ.

ಕಡೆಯುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯವು ೧೧೧೭ರಲ್ಲಿ ಪ್ರತಿಷ್ಠಿತವಾಯಿತು. ಹೊಯ್ಸಳರ ಗುಡಿಗಳಲ್ಲಿ ಬಳೆಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ಕಾಣುವ ನುಣುಪಾದ ದುಂಡು ಕಂಬಗಳಿವೆ. ಅವುಗಳನ್ನು ತಿರುಗಿಸಿಯೇ ಕಡೆದಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಚನ್ನಪಟ್ಟಣದ ಗೊಂಬೆಗಳನ್ನು ಇಂದಿಗೂ ಮರವನ್ನು ತಿರುಗಿಸಿ ಕಡೆಯುತ್ತಾರೆ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಕಾವಿಗೆ ಅರಗು ಕರಗಿ ಬಣ್ಣ ಕೂಡುತ್ತದೆ.

ಆದರೆ ಲೋಹವನ್ನು ಕಡೆಯುವುದಕ್ಕೆ ಕೈಯಲ್ಲಿ ಹಿಡಿದ ಉಳಿ ಸಾಲದು; ಕೈ ನಡುಗುತ್ತದೆ, ದಣಿಯುತ್ತದೆ. ಇಂಗ್ಲೆಂಡಿನ ಹೆನ್ರಿ ಮಾಡ್ಸ್‌ಲೇ ಎಂಬಾತನು (೧೭೭೧-೧೮೩೧) ೧೮೦೦ರ ಸುಮಾರಿಗೆ ಉಳಿಯನ್ನು ಗಟ್ಟಿಯಾದ ಒಂದು ಜಾರುಪೀಠಕ್ಕೆ ಬಿಗಿದು, ಆ ಪೀಠವನ್ನು ಕರಾರುವಾಕ್ಕಾದ ಒಂದು ಉದ್ದ ತಿರುಪಿನಿಂದ ನಡೆಸುವ ಲೇತನ್ನು ನಿರ್ಮಿಸಿದನು. ಅವನು ಬಡ ಕೆಲಸಗಾರನ ಮಗ. ಹನ್ನೆರಡನೆಯ ವಯಸ್ಸಿಗೇ ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದವನು. ಅವನ ಬಗೆಯ ಲೇತಿನಿಂದ ಒಂದೇ ಅಳತೆಯ ತಿರುಪುಗಳನ್ನು ಎಷ್ಟು ಬೇಕಾದರೂ ಮಾಡುವುದು ಸಾಧ್ಯವಾಯಿತು. ಲೇತನ್ನು ಯಂತ್ರಗಳ ತಾಯಿ ಎನ್ನುವುದುಂಟು. ಏಕೆಂದರೆ ಅದು ಬೇರೆ ಯಂತ್ರಗಳ ಭಾಗಗಳನ್ನು ಮಾಡಿಕೊಡುವುದಲ್ಲದೆ, ತನ್ನ ಎಷ್ಟೋ ಭಾಗಗಳನ್ನು ತಾನೇ ಮಾಡಿಕೊಳ್ಳಬಲ್ಲುದು.

ಕನ್ನಡ ನಾಡಿನಲ್ಲಿಯೂ ಲೇತುಗಳು ತಯಾರಾದವು. ಹರಿಹರದಲ್ಲಿ ೧೯೪೧ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಅನೇಕ ವರ್ಷಗಳ ಕಾಲ ಲೇತುಗಳನ್ನು ಮಾಡಿತು. ಬೆಂಗಳೂರಿನಲ್ಲಿ ೧೯೫೩ರಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯನ್ನು ನೀವು ಕೈಗಡಿಯಾರದಿಂದ ಬಲ್ಲಿರಿ. ಆದರೆ ಅದು ಮೊದಲು ಹೊರಟುದು ಗಡಿಯಾರಕ್ಕಲ್ಲ, ಲೇತಿಗಾಗಿ. ಅಜ್ಜನವರು ಗಿರಣಿಯಲ್ಲಿ ಕೆಲಸ ಕಲಿತುದು ಹರಿಹರದ ಲೇತಿನ ಮೇಲೆಯೇ. ಮನೆಯಲ್ಲಿದ್ದುದು ಮಾತ್ರ ಯಾವ ಊರಿನದೋ ತಿಳಿಯದು. ಅದರ ಹೆಸರಿನ ಫಲಕ ಎಂದೋ ಬಿದ್ದುಹೋಗಿತ್ತು.

ಇನ್ನು ಲೇತಿನ ಭಾಗಗಳನ್ನು ಅರಿತುಕೊಳ್ಳಬೇಕು. ಕೆಳಗೆ ಉದ್ದವಾಗಿ ಚಾಚಿರುವ ಎರಕದ ಕಬ್ಬಿಣದ ಹಳಿಯಂತಹ ಭಾಗಕ್ಕೆ ಬೆಡ್ ಎನ್ನುತ್ತಾರೆ. ಅದರ ಎಡತುದಿಯಲ್ಲಿ ಹೆಡ್‌ಸ್ಟಾಕ್. ಅದರೊಳಗೆ ತಿರುಗುವ ದಪ್ಪ ದಂಡವೇ ಸ್ಪಿಂಡಲ್. ಸ್ಪಿಂಡಲ್ಲಿನ ಮೂತಿಯಲ್ಲಿ, ಕೆಲಸದ ತುಂಡನ್ನು ಹಲ್ಲುಗಳಿಂದ ಕಚ್ಚಿ ಹಿಡಿಯುವ ಚಕ್ ಇರುತ್ತದೆ. ಬಲತುದಿಯಲ್ಲಿ ಉದ್ದನೆಯ ತುಂಡಿಗೆ ಆಸರೆ ಕೊಡುವ ಟೇಲ್‌ಸ್ಟಾಕ್. ನಡುವೆ ಬೆಡ್ಡಿನ ಮೇಲೆ ಜಾರಾಡುತ್ತ ಉಳಿಯನ್ನು ಹೊತ್ತು ಸಾಗುವುದು ಕ್ಯಾರೇಜ್. ಅದನ್ನು ನಡೆಸುವ ಉದ್ದ ತಿರುಪೇ ಲೀಡ್ ಸ್ಕ್ರೂ.

ತುಕ್ಕಿನ ಸ್ವಭಾವ

ಕಬ್ಬಿಣವು ಗಾಳಿಯ ಆಮ್ಲಜನಕ ಮತ್ತು ನೀರು ಇವೆರಡರೊಡನೆ ಕೂಡಿದಾಗ ತುಕ್ಕಾಗುತ್ತದೆ. ಎರಡರಲ್ಲಿ ಒಂದಿಲ್ಲದಿದ್ದರೂ ತುಕ್ಕು ಬಾರದು. ಅಲ್ಯೂಮಿನಿಯಂ ಸಹ ಆಮ್ಲಜನಕದೊಡನೆ ಕೂಡುತ್ತದೆ. ಆದರೆ ಅದರ ಮೇಲೆ ಏರ್ಪಡುವ ಪದರ ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಸಡಿಲ, ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸಿ ಉಬ್ಬುತ್ತದೆ, ಸಿಪ್ಪೆಯೇಳುತ್ತದೆ, ಒಳಗೆ ಮತ್ತೆ ನೀರಿಗೆ ದಾರಿ ಬಿಡುತ್ತದೆ. ಆದಕಾರಣ ಒಮ್ಮೆ ಹಿಡಿದ ತುಕ್ಕು ತಾನಾಗಿ ನಿಲ್ಲುವುದಿಲ್ಲ. ಉಪ್ಪು ಬೆರೆತ ತೇವ ಈ ಕ್ರಿಯೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಕಡಲತೀರದ ಮುಂಬಯಿಯಲ್ಲಿ ಎಣ್ಣೆ ಕಾಣದ ಕಬ್ಬಿಣಕ್ಕೆ ಒಂದು ಮಳೆಗಾಲವೇ ಸಾಕು. ಎಣ್ಣೆಯು ಮಾಡುವ ಉಪಕಾರ ಇಷ್ಟೇ: ಅದು ನೀರನ್ನೂ ಗಾಳಿಯನ್ನೂ ಕಬ್ಬಿಣದ ಬಳಿಗೆ ಬಿಡುವುದಿಲ್ಲ.

ತುಕ್ಕಿನ ಉಬ್ಬುವಿಕೆಯಿಂದ ಇನ್ನೊಂದು ತೊಂದರೆಯುಂಟು. ಒಂದರೊಳಗೊಂದು ಕೂಡಿಸಿದ ಭಾಗಗಳ ನಡುವೆ ತುಕ್ಕು ಬೆಳೆದರೆ ಅವು ಬೆಣೆ ಹೊಡೆದಂತೆ ಬಿಗಿದುಕೊಳ್ಳುತ್ತವೆ. ನಮ್ಮ ಲೇತಿನಲ್ಲಿ ಚಕ್ಕು ಸ್ಪಿಂಡಲ್ಲಿಗೆ, ಟೇಲ್‌ಸ್ಟಾಕು ಬೆಡ್ಡಿಗೆ ಹೀಗೆಯೇ ಕಚ್ಚಿಕೊಂಡಿದ್ದವು.

ಮೊದಲು ನೋಡುವುದು, ಆಮೇಲೆ ಮುಟ್ಟುವುದು

ತಾಡಪತ್ರಿ ಸರಿಸಿದ ಮೊದಲ ದಿನ ಅಜ್ಜನವರು ಯಾವ ಉಪಕರಣವನ್ನೂ ಕೈಗೆ ಕೊಡಲಿಲ್ಲ. ಎರಕದ ಕಬ್ಬಿಣದಲ್ಲಿ ಎಲ್ಲಿಯಾದರೂ ಬಿರುಕಿದೆಯೇ, ಹಲ್ಲುಚಕ್ರಗಳಲ್ಲಿ ಮುರಿದ ಹಲ್ಲುಗಳೆಷ್ಟು, ಬೆಡ್ಡಿನ ಮೇಲೆ ತುಕ್ಕು ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ನೋಡಿ ಬರೆದುಕೊಳ್ಳಿರೆಂದರು. ಆಳವನ್ನು ಅರಿಯುವುದಕ್ಕೆ ಅವರು ಬಳಸಿದುದು ಹೆಬ್ಬೆರಳಿನ ಉಗುರು. ಉಗುರು ಎಡವದೆ ಜಾರಿದರೆ ಅದು ಬರಿಯ ಕಲೆ. ಉಗುರು ತಡೆದರೆ ಅದು ಕುಳಿ. ಕಣ್ಣು ಮಂದವಾದ ಆ ಹಿರಿಯರು ಬೆಡ್ಡಿನ ಉದ್ದಕ್ಕೂ ಉಗುರೆಳೆದು ಕುಳಿಗಳಿರುವ ಜಾಗಗಳನ್ನು ಹೇಳಿದರು. ಮೊಮ್ಮಗಳು ಸೀಮೆಸುಣ್ಣದಿಂದ ಗುರುತು ಹಾಕಿದಳು.

ಹಳೆಯ ಲೇತಿನಲ್ಲಿ ಬೆಡ್ಡು ಎಲ್ಲ ಕಡೆ ಒಂದೇ ಸಮನಾಗಿ ಸವೆಯುವುದಿಲ್ಲ. ಹೆಚ್ಚಿನ ಕೆಲಸವು ಚಕ್ಕಿನ ಹತ್ತಿರವೇ ನಡೆಯುವುದರಿಂದ ಅಲ್ಲಿಯೇ ಸವೆತ ಹೆಚ್ಚು. ಕ್ಯಾರೇಜನ್ನು ಚಕ್ಕಿನ ಹತ್ತಿರ ಸಡಿಲವಿಲ್ಲದಂತೆ ಬಿಗಿಮಾಡಿ ಬಲಗಡೆಗೆ ನೂಕಿದರೆ, ಸವೆಯದ ಭಾಗಕ್ಕೆ ಬಂದಾಗ ಅದು ಕಚ್ಚಿಕೊಳ್ಳುತ್ತದೆ. ಎಷ್ಟು ಬೇಗ ಕಚ್ಚಿಕೊಳ್ಳುತ್ತದೆಯೋ ಅಷ್ಟು ಸವೆತ ಹೆಚ್ಚೆಂದು ತಿಳಿಯಬೇಕು.

ಬಿಚ್ಚುವ ಕೆಲಸ

ಬಿಚ್ಚುವುದು ಸುಲಭ, ಮತ್ತೆ ಜೋಡಿಸುವುದು ಕಷ್ಟ ಎಂಬುದು ಗಡಿಯಾರ ಬಿಚ್ಚಿದ ಹುಡುಗರಿಗೆಲ್ಲ ತಿಳಿದ ವಿಷಯ. ಆದ್ದರಿಂದ ಪ್ರತಿಯೊಂದು ಭಾಗವನ್ನು ಕಳಚುವ ಮುನ್ನ ಅದರ ಚಿತ್ರ ತೆಗೆದೆವು. ಕಳಚಿದ ತಿರುಪುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸಿದೆವು. ಚೀಟಿಗಳನ್ನು ಮೊಮ್ಮಗಳು ಕನ್ನಡದಲ್ಲಿಯೇ ಬರೆದಳು: ‘ಹಿಂದಿನ ಕಾಲು, ಎಡಗಡೆ, ೨ ತಿರುಪು’, ‘ಜಾರುಪೀಠದ ಹಿಡಿ’ ಎಂದು ಮುಂತಾಗಿ. ಅಜ್ಜನವರು ಕನ್ನಡಕ ಏರಿಸಿ ಒಂದೊಂದನ್ನೂ ಕೂಡಿಸಿಕೊಂಡು ಓದಿದರು. ಯಂತ್ರಗಳ ನಡುವೆ ಬಾಳಿದ ಅವರ ಕೈಗೆ ಬಂದ ಪುಸ್ತಕ, ಫಲಕ, ಸೂಚನೆಗಳೆಲ್ಲವೂ ಇಂಗ್ಲಿಷಿನವು. ಯಂತ್ರದ ಮೈಮೇಲೆ ಕನ್ನಡದ ಅಕ್ಷರಗಳನ್ನು ಅವರು ಕಂಡುದು ಅದೇ ಮೊದಲಂತೆ.

ಚಕ್ಕು ಎರಡು ವಾರ ಬೇಡಿತು. ಬಲಾತ್ಕಾರದಿಂದ ಬಿಡಿಸುವವರು ಹಲ್ಲುಚಕ್ರಗಳನ್ನು ಒಂದಕ್ಕೊಂದು ಕಚ್ಚಿಸಿ ಸ್ಪಿಂಡಲ್ಲನ್ನು ತಡೆಹಿಡಿದು, ಚಕ್ಕನ್ನು ತಿರುವುತ್ತಾರೆ. ಆಗ ಚಕ್ಕು ಬಿಡುವುದಕ್ಕಿಂತ ಮೊದಲು ಹಲ್ಲುಗಳೇ ಮುರಿಯುತ್ತವೆ. ನಾವು ಸೀಮೆಎಣ್ಣೆಗೆ ಸ್ವಲ್ಪ ಎಂಜಿನ್ ಎಣ್ಣೆ ಬೆರೆಸಿ ದಿನವೂ ಸಂಜೆ ತಿರುಪಿನ ಸಂದಿಗೆ ಹನಿ ಹನಿಯಾಗಿ ಬಿಟ್ಟೆವು. ಹದಿನೈದನೆಯ ದಿನ ಚಕ್ಕಿನ ಹಲ್ಲುಗಳಲ್ಲಿ ಒಂದು ಮರದ ತೊಲೆಯನ್ನು ಕಚ್ಚಿಸಿ, ಅದರ ತುದಿಗೆ ಅಜ್ಜನವರು ಕೊಟ್ಟ ಒಂದೇ ಪೆಟ್ಟಿಗೆ ಅದು ಸಡಿಲಿತು. ಪೆಟ್ಟು ದೊಡ್ಡದಾಗಿರಲಿಲ್ಲ. ಕೆಲಸ ಮಾಡಿದುದು ಆ ಪೆಟ್ಟಲ್ಲ, ಹದಿನಾಲ್ಕು ದಿನಗಳ ಎಣ್ಣೆ.

ತುಕ್ಕು ತೆಗೆಯುವ ಬಗೆಗಳು

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಲೇಬೇಕು. ಬೆಡ್ಡಿನ ತುಕ್ಕನ್ನು ಕಂಡು ನಾನು ಉತ್ಸಾಹದಿಂದ ಒರಟು ಎಮರಿ ಕಾಗದ ತಂದು ಗಸಗಸನೆ ಉಜ್ಜತೊಡಗಿದೆನು. ಒಂದು ಗೇಣಿನಷ್ಟು ಜಾಗ ಬೆಳ್ಳಿಯಂತೆ ಹೊಳೆಯಿತು. ಸದ್ದು ಕೇಳಿ ಒಳಗಿನಿಂದ ಬಂದ ಅಜ್ಜನವರು ನನ್ನ ಕೈ ಹಿಡಿದು, “ಮಾಸ್ತರ್ರ, ತುಕ್ಕು ತೆಗೀರಿ, ಕಬ್ಬಿಣ ತೆಗೀಬ್ಯಾಡ್ರಿ” ಎಂದರು.

ಆ ಮಾತಿನಲ್ಲಿ ಈ ವಿದ್ಯೆಯ ಸಾರವೆಲ್ಲ ಇದೆ. ಕ್ಯಾರೇಜು ಬೆಡ್ಡಿನ ಮೇಲೆ ಜಾರುವಾಗ ಉಳಿಯು ಬೆಡ್ಡಿನ ರೇಖೆಯನ್ನೇ ಅನುಸರಿಸುತ್ತದೆ. ಬೆಡ್ಡು ನೇರವಾಗಿದ್ದರೆ ಕಡೆದ ವಸ್ತು ನೇರ. ಬೆಡ್ಡಿನಲ್ಲಿ ಹಳ್ಳವಿದ್ದರೆ ವಸ್ತುವಿನಲ್ಲಿಯೂ ಅದರ ದೋಷ ಮೂಡುತ್ತದೆ. ಆ ನೇರವನ್ನು ಮಿಲಿಮೀಟರಿನ ನೂರನೆಯ ಭಾಗಗಳ ಲೆಕ್ಕದಲ್ಲಿ ಅಳೆಯುತ್ತಾರೆ. ಎಮರಿ ಕಾಗದಕ್ಕೆ ತುಕ್ಕು ಯಾವುದು, ಕಬ್ಬಿಣ ಯಾವುದು ಎಂಬ ಭೇದ ತಿಳಿಯದು. ಕೈ ಹೆಚ್ಚು ಒತ್ತಿದ ಕಡೆ ಹೆಚ್ಚು ತಿನ್ನುತ್ತದೆ. ಸಾಲದುದಕ್ಕೆ ಅದರ ಗಟ್ಟಿ ಕಣಗಳು ಜಾರುವ ಭಾಗಗಳ ನಡುವೆ ಸಿಕ್ಕಿಕೊಂಡು ಮುಂದೆ ದಿನವೂ ಅರೆಯುತ್ತಿರುತ್ತವೆ. ಕುಳಿಯಲ್ಲಿ ಉಳಿದ ಕಪ್ಪು ಕಲೆಯಿಂದ ಕೇಡಿಲ್ಲ. ಭಾರವನ್ನು ಹೊರುವುದು ಸುತ್ತಲಿನ ಎತ್ತರದ ಮೈ. ಸಣ್ಣ ಕುಳಿಯಲ್ಲಿ ಎಣ್ಣೆ ನಿಲ್ಲುತ್ತದೆ. ಆದಕಾರಣ ಕಲೆ ಉಳಿದರೆ ಉಳಿಯಲಿ, ರೇಖೆ ಕೆಡಬಾರದು. ನಾನು ಉಜ್ಜಿದ ಆ ಗೇಣಿನ ಜಾಗ ಇಂದಿಗೂ ಬೇರೆಯಾಗಿ ಹೊಳೆಯುತ್ತದೆ. ಅದೃಷ್ಟವಶಾತ್ ಅದು ಬಲತುದಿಯಲ್ಲಿರುವುದರಿಂದ ಕೆಲಸಕ್ಕೆ ಹೆಚ್ಚು ಬಾಧಕವಾಗಿಲ್ಲ.

ಬೇರೆ ಬೇರೆ ಭಾಗಗಳಿಗೆ ನಾವು ಅನುಸರಿಸಿದ ಕ್ರಮಗಳು ಇವು.

ಮೊದಲನೆಯದು, ಬೆಡ್ಡು ಮುಂತಾದ ನಿಷ್ಕೃಷ್ಟ ಭಾಗಗಳಿಗೆ: ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ರಾತ್ರಿಯೆಲ್ಲ ಹೊದಿಸಿ, ಮರುದಿನ ನೇರ ಅಂಚಿನ ಬ್ಲೇಡನ್ನು ಓರೆಯಾಗಿ ಹಿಡಿದು ಹಗುರವಾಗಿ ಹೆರೆಯುವುದು. ಸಿಪ್ಪೆಯೆದ್ದ ತುಕ್ಕು ಮಾತ್ರ ಬರುತ್ತದೆ; ಗಟ್ಟಿ ಕಬ್ಬಿಣ ನಿಲ್ಲುತ್ತದೆ. ಆಮೇಲೆ ಅತಿ ನಯವಾದ ಉಕ್ಕಿನ ನಾರಿಗೆ ಎಣ್ಣೆ ಹಚ್ಚಿ ಒರೆಸುವುದು.

ಎರಡನೆಯದು, ಹಿಡಿ, ಚಕ್ರ, ಬೋಲ್ಟು ಮುಂತಾದವುಗಳಿಗೆ: ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟು ಹಿತ್ತಾಳೆಯ ತಂತಿಯ ಬ್ರಷ್ಷಿನಿಂದ ತಿಕ್ಕುವುದು. ಹಿತ್ತಾಳೆ ಉಕ್ಕಿಗಿಂತ ಮೃದುವಾದುದರಿಂದ ಗೀರು ಬೀಳುವುದಿಲ್ಲ.

ಮೂರನೆಯದು, ತುಕ್ಕು ಬಹಳವಾಗಿ ಹಿಡಿದ ಭಾಗಗಳಿಗೆ: ವಿದ್ಯುತ್ತಿನ ಸಹಾಯ. ಪ್ಲಾಸ್ಟಿಕ್ ತೊಟ್ಟಿಯ ನೀರಿನಲ್ಲಿ ಬಟ್ಟೆ ಒಗೆಯುವ ಸೋಡಾವನ್ನು ಕರಗಿಸಿ, ತುಕ್ಕಿನ ಭಾಗವನ್ನೂ ಒಂದು ನಿರುಪಯೋಗಿ ಕಬ್ಬಿಣದ ತಗಡನ್ನೂ ಒಂದಕ್ಕೊಂದು ತಾಗದಂತೆ ತೂಗಬಿಟ್ಟೆವು. ೧೨ ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣ ತುದಿಯನ್ನು ತುಕ್ಕಿನ ಭಾಗಕ್ಕೂ ಧನ ತುದಿಯನ್ನು ತಗಡಿಗೂ ಸೇರಿಸಿದೆವು. ಗುಳ್ಳೆಗಳೇಳತೊಡಗಿದವು. ಮರುದಿನ ಕೆಂಪು ತುಕ್ಕು ಕಪ್ಪು ಮಸಿಯಾಗಿ ಸಡಿಲಿ ಬ್ರಷ್ಷಿಗೆ ಬಿಟ್ಟುಬಂದಿತು. ಒಳಗಿನ ಒಳ್ಳೆಯ ಕಬ್ಬಿಣಕ್ಕೆ ಏನೂ ಆಗಲಿಲ್ಲ. ತುದಿಗಳನ್ನು ಅದಲು ಬದಲು ಮಾಡಿದರೆ ಮಾತ್ರ ನಮ್ಮ ಭಾಗವೇ ಕರಗುತ್ತಿತ್ತು. ಈ ಕ್ರಿಯೆಯಲ್ಲಿ ಜಲಜನಕವು ಹೊರಬರುವುದರಿಂದ ಬಯಲಿನಲ್ಲಿಯೇ, ಬೆಂಕಿಯಿಂದ ದೂರದಲ್ಲಿ, ಬಲ್ಲ ಹಿರಿಯರ ಎದುರಿನಲ್ಲಿಯೇ ಮಾಡಬೇಕು. ಧನ ತುದಿಗೆ ಸ್ಟೇನ್‌ಲೆಸ್ ಉಕ್ಕನ್ನು ಕಟ್ಟಬಾರದು. ಅದರಿಂದ ಕ್ರೋಮಿಯಮಿನ ವಿಷಪದಾರ್ಥವು ನೀರಿಗೆ ಇಳಿಯುತ್ತದೆ. ನೀರಿಗೆ ಅಡಿಗೆಯ ಉಪ್ಪನ್ನು ಹಾಕಬಾರದು. ಕ್ಲೋರಿನ್ ಅನಿಲ ಹುಟ್ಟಬಹುದು. ಅಲ್ಯೂಮಿನಿಯಂ ಭಾಗಗಳನ್ನು ಈ ನೀರಿನಲ್ಲಿ ಮುಳುಗಿಸಬಾರದು.

ವಿನಿಗರ್ ಮುಂತಾದ ಹುಳಿ ದ್ರವಗಳೂ ತುಕ್ಕನ್ನು ಕರಗಿಸುತ್ತವೆ. ಆದರೆ ಅವು ತುಕ್ಕನ್ನು ತಿಂದು ಮುಗಿಸಿದ ಮೇಲೆ ಕಬ್ಬಿಣವನ್ನೂ ತಿನ್ನತೊಡಗುವುದರಿಂದ ಅಜ್ಜನವರು ಒಪ್ಪಲಿಲ್ಲ. ಯಾವ ಕ್ರಮದಿಂದ ತೆಗೆದರೂ, ತೆಗೆದ ಒಡನೆ ಒಣಗಿಸಿ ಎಣ್ಣೆ ಹಚ್ಚತಕ್ಕದ್ದು. ತಡಮಾಡಿದರೆ ಒಂದೆರಡು ಗಂಟೆಗಳಲ್ಲಿಯೇ ಹೊಸ ತುಕ್ಕಿನ ಕೆಂಪು ಮೂಡುತ್ತದೆ.

ಹಲ್ಲುಚಕ್ರಗಳ ಲೆಕ್ಕ

ಸ್ಪಿಂಡಲ್ಲಿನಿಂದ ಲೀಡ್ ಸ್ಕ್ರೂವಿಗೆ ತಿರುಗುವಿಕೆಯನ್ನು ಒಯ್ಯುವ ಹಲ್ಲುಚಕ್ರಗಳಲ್ಲಿ ಒಂದರ ಎರಡು ಹಲ್ಲುಗಳು ಮುರಿದಿದ್ದವು. ಕುರ್ಲಾದ ಹಳೆ ಸಾಮಾನಿನ ಅಂಗಡಿಗಳಲ್ಲಿ ಒಂದು ಇಡೀ ದಿನ ಹುಡುಕಿ, ಹಲ್ಲುಗಳನ್ನೆಣಿಸಿ, ಹಲ್ಲಿನ ಗಾತ್ರವನ್ನು ಹೋಲಿಸಿ ಇನ್ನೊಂದನ್ನು ತಂದೆವು. ಈ ಚಕ್ರಗಳಲ್ಲಿ ನೀವು ವರ್ಗದಲ್ಲಿ ಮಾಡುವ ಪ್ರಮಾಣದ ಲೆಕ್ಕವೇ ಅಡಗಿದೆ.

ನಮ್ಮ ಲೀಡ್ ಸ್ಕ್ರೂವಿನಲ್ಲಿ ಅಂಗುಲಕ್ಕೆ ೮ ಸುತ್ತುಗಳಿವೆ. ಅಂಗುಲಕ್ಕೆ ೧೬ ಸುತ್ತುಗಳ ತಿರುಪನ್ನು ಕಡೆಯಬೇಕಾದರೆ, ಕೆಲಸದ ತುಂಡು ಎರಡು ಸುತ್ತು ತಿರುಗುವಾಗ ಲೀಡ್ ಸ್ಕ್ರೂ ಒಂದು ಸುತ್ತು ತಿರುಗಬೇಕು. ಆದ್ದರಿಂದ ಸ್ಪಿಂಡಲ್ಲಿಗೆ ೩೦ ಹಲ್ಲಿನ ಚಕ್ರ, ಲೀಡ್ ಸ್ಕ್ರೂವಿಗೆ ೬೦ ಹಲ್ಲಿನ ಚಕ್ರ. ಇದು ಸುಲಭ. ಆದರೆ ಇಂದಿನ ತಿರುಪುಗಳು ಹೆಚ್ಚಾಗಿ ಮಿಲಿಮೀಟರಿನ ಲೆಕ್ಕದವು. ಸುತ್ತಿಗೆ ೨ ಮಿಲಿಮೀಟರ್ ಸಾಗುವ ತಿರುಪನ್ನು ಈ ಅಂಗುಲದ ಯಂತ್ರದಲ್ಲಿ ಕಡೆಯುವುದು ಹೇಗೆ? ಒಂದು ಅಂಗುಲವೆಂದರೆ ೨೫.೪ ಮಿಲಿಮೀಟರ್, ಅದರ ಐದು ಪಟ್ಟು ೧೨೭, ಪೂರ್ಣ ಸಂಖ್ಯೆ. ಆದಕಾರಣ ೧೨೭ ಹಲ್ಲಿನ ಚಕ್ರವೊಂದಿದ್ದರೆ ಅಂಗುಲವೂ ಮಿಲಿಮೀಟರೂ ಕೈಕೂಡಿಸುತ್ತವೆ. ಲೀಡ್ ಸ್ಕ್ರೂವಿನ ಒಂದು ಸುತ್ತಿಗೆ ಕ್ಯಾರೇಜು ಸಾಗುವ ದೂರ ೨೫.೪ನ್ನು ೮ರಿಂದ ಭಾಗಿಸಿದಷ್ಟು, ಅಂದರೆ ೩.೧೭೫ ಮಿಲಿಮೀಟರ್. ಸ್ಪಿಂಡಲ್ಲಿಗೆ ೮೦ ಹಲ್ಲು, ಲೀಡ್ ಸ್ಕ್ರೂವಿಗೆ ೧೨೭ ಹಲ್ಲು ಕೊಟ್ಟು ಗುಣಿಸಿ ನೋಡಿರಿ. ಸರಿಯಾಗಿ ೨ ಬರುತ್ತದೆ. ೧೨೭ ಅವಿಭಾಜ್ಯ ಸಂಖ್ಯೆಯಾದುದರಿಂದ ಬೇರೆ ಚಿಕ್ಕ ಚಕ್ರಗಳನ್ನು ಕೂಡಿಸಿ ಅದರ ಕೆಲಸವನ್ನು ನಿಷ್ಕೃಷ್ಟವಾಗಿ ಮಾಡಿಸಲಾಗದು. ಅವಿಭಾಜ್ಯ ಸಂಖ್ಯೆಗಳಿಂದ ಏನು ಉಪಯೋಗವೆಂದು ಕೇಳುವವರಿಗೆ ಈ ಚಕ್ರವನ್ನು ತೋರಿಸಬಹುದು.

ಜೋಡಣೆ ಮತ್ತು ಪರೀಕ್ಷೆ

ಜೋಡಿಸುವ ಮುನ್ನ ಎಣ್ಣೆಯ ರಂಧ್ರಗಳನ್ನೆಲ್ಲ ತಂತಿಯಿಂದ ಬಿಡಿಸಿದೆವು. ಹಳೆಯ ಎಣ್ಣೆ ಅಂಟಿನಂತೆ ಗಟ್ಟಿಯಾಗಿ ಅವುಗಳನ್ನು ಮುಚ್ಚಿತ್ತು. ಮೋಟಾರನ್ನು ನಾವು ಮುಟ್ಟಲಿಲ್ಲ. ಬಲ್ಲ ವಿದ್ಯುತ್ ಕೆಲಸಗಾರರು ಬಂದು ಅದನ್ನು ಒಣಗಿಸಿ, ಪರೀಕ್ಷಿಸಿ, ನೆಲತಂತಿಯನ್ನು ಸೇರಿಸಿಕೊಟ್ಟರು.

ಲೇತನ್ನು ನಿಲ್ಲಿಸುವ ನೆಲ ಸಮತಟ್ಟಾಗಿರದಿದ್ದರೆ ಗಟ್ಟಿ ಎರಕದ ಬೆಡ್ಡೂ ತನ್ನ ಭಾರದಿಂದಲೂ ಬೋಲ್ಟುಗಳ ಬಿಗಿತದಿಂದಲೂ ಸ್ವಲ್ಪ ತಿರುಚಿಕೊಳ್ಳುತ್ತದೆ. ಮೊದಲು ರಸಮಟ್ಟವಿಟ್ಟು ನೋಡಿದೆವು. ತರುವಾಯ ಅಜ್ಜನವರು ಒಂದು ದಪ್ಪ ಸರಳನ್ನು ಚಕ್ಕಿನಲ್ಲಿ ಕಚ್ಚಿಸಿ, ಟೇಲ್‌ಸ್ಟಾಕಿನ ಆಸರೆಯಿಲ್ಲದೆ, ಅದರ ಎರಡು ಕಡೆಗಳಲ್ಲಿ ಉಳಿಯನ್ನು ಸರಿಸದೆ ಹಗುರವಾಗಿ ಕಡೆದರು. ಎರಡು ಕಡೆಯ ವ್ಯಾಸವೂ ಒಂದೇ ಇರಬೇಕು. ಮೈಕ್ರೋಮೀಟರಿನ ಗೆರೆಗಳು ಅವರಿಗೆ ಕಾಣಿಸವು. ಮೊಮ್ಮಗಳು ಓದಿ ಹೇಳಿದಳು. ಮಿಲಿಮೀಟರಿನ ನೂರರಲ್ಲಿ ಐದು ಭಾಗದಷ್ಟು ವ್ಯತ್ಯಾಸವಿತ್ತು. ಬಲಗಾಲಿನ ಕೆಳಗೆ ತೆಳುವಾದ ತಗಡಿನ ತುಂಡುಗಳನ್ನು ಸೇರಿಸಿ, ಮತ್ತೆ ಕಡೆದು, ಮತ್ತೆ ಅಳೆದು, ಸಂಜೆಯ ಹೊತ್ತಿಗೆ ಅದನ್ನು ಎರಡು ಭಾಗಕ್ಕೆ ಇಳಿಸಿದರು. ಇನ್ನೂ ಕಡಿಮೆ ಮಾಡೋಣವೇ ಎಂದು ನಾನು ಕೇಳಿದೆನು. “ಸವೆದದ್ದು ತಿರುಗಿ ಬರಂಗಿಲ್ರಿ. ಇ‌ದರ ಕೈಲಿ ಆಗೂದು ಇಷ್ಟು, ಇಷ್ಟನ್ನ ತಿಳಕೊಂಡು ಕೆಲಸ ಕೊಡಬೇಕು” ಎಂದರು.

ಅದು ರಜೆಯ ಇಪ್ಪತ್ತೇಳನೆಯ ದಿನ. ಮರುದಿನ ಬೀದಿಯ ಕೊನೆಯ ಹಿಟ್ಟಿನ ಗಿರಣಿಯವರು ಸವೆದ ಒಂದು ಬುಶ್ಶನ್ನು ತಂದುಕೊಟ್ಟರು. ಅಜ್ಜನವರು ಅದರ ಅಳತೆಗೆ ಹೊಸದನ್ನು ಕಡೆದುಕೊಟ್ಟು ನೂರೈವತ್ತು ರೂಪಾಯಿ ಪಡೆದರು. ಆ ಹಣದಿಂದ ಒಂದು ಡಬ್ಬಿ ಎಣ್ಣೆ ತರಿಸಿದರು. ಯಂತ್ರವನ್ನು ಮಾರಬೇಕೆಂದಿದ್ದ ಮಗನು ಆಗ ಏನೂ ಹೇಳಲಿಲ್ಲ. ಜೂನ್ ತಿಂಗಳ ಮೊದಲ ಮಳೆಗೆ ಮುಂಚೆ, ರವಿವಾರ ಒಂದು ದಿನ, ತಾನೇ ಏಣಿ ಹತ್ತಿ ಚಪ್ಪರದ ತೂತು ಬಿದ್ದ ತಗಡನ್ನು ಬದಲಾಯಿಸಿದನು.

ಕೆಲವು ಎಚ್ಚರಿಕೆಗಳು

ತಿರುಗುವ ಲೇತಿನ ಬಳಿ ಸಡಿಲ ತೋಳಿನ ಅಂಗಿ, ದುಪಟ್ಟಾ, ಬಿಚ್ಚಿದ ಕೂದಲು, ಕೈಗವಸು ಇವು ಯಾವುವೂ ಇರಕೂಡದು. ಸಿಕ್ಕಿಕೊಂಡರೆ ಯಂತ್ರ ಎಳೆದುಕೊಳ್ಳುತ್ತದೆ. ಚಕ್ಕನ್ನು ಬಿಗಿಯುವ ಕೀಲಿಯನ್ನು ಒಂದು ಕ್ಷಣವೂ ಅದರಲ್ಲಿ ಬಿಡಬಾರದು. ಕಣ್ಣಿಗೆ ಕನ್ನಡಕವಿಲ್ಲದೆ ಹತ್ತಿರ ನಿಲ್ಲಬಾರದು. ಹೆರೆಯ ಸುರುಳಿಯನ್ನು ಬರಿಗೈಯಿಂದ ತೆಗೆಯಬಾರದು. ಅದು ಚೂರಿಯಂತೆ ಕೊಯ್ಯುತ್ತದೆ. ಹಳೆಯ ಯಂತ್ರಗಳ ಬಣ್ಣದಲ್ಲಿ ಸೀಸವಿರಬಹುದಾದುದರಿಂದ ಅದನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಬಾರದು. ಸೀಮೆಎಣ್ಣೆಯ ಬಳಿ ಬೆಂಕಿ ಇರಬಾರದು. ವಿದ್ಯಾರ್ಥಿಗಳು ಈ ಕೆಲಸವನ್ನು ಬಲ್ಲವರ ಎದುರಿನಲ್ಲಲ್ಲದೆ ಎಂದೂ ಮಾಡತಕ್ಕದ್ದಲ್ಲ.

ವಿದ್ಯಾರ್ಥಿಮಿತ್ರರೇ, ನಿಮ್ಮೆಲ್ಲರ ಮನೆಗಳಲ್ಲಿ ಲೇತ್ ಇರಲಾರದು. ಆದರೆ ಅಜ್ಜಿಯ ಹೊಲಿಗೆ ಯಂತ್ರವೋ, ತಂದೆಯ ಸೈಕಲ್ಲೋ, ಊರಿನಿಂದ ತಂದ ಈಳಿಗೆಮಣೆಯೋ ಇರಬಹುದು. ಅದನ್ನು ಒಮ್ಮೆ ಹೊರಗೆ ತೆಗೆಯಿರಿ. ಬಿಚ್ಚುವ ಮುನ್ನ ನೋಡಿರಿ. ಅದನ್ನು ಬಳಸಿದವರು ಮನೆಯಲ್ಲಿದ್ದರೆ ಅವರನ್ನು ಕೇಳಿರಿ. ಅವರಿಗೆ ಓದು ಕಡಿಮೆಯಿದ್ದೀತು. ಆದರೆ ನಾನು ಹತ್ತು ವರ್ಷ ಪಾಠ ಹೇಳಿಯೂ ಅರಿಯದಿದ್ದ ವಿಷಯವನ್ನು ಒಂದು ಹೆಬ್ಬೆರಳಿನ ಉಗುರು ಬಲ್ಲುದಾಗಿತ್ತು. ತುಕ್ಕನ್ನು ತೆಗೆಯಿರಿ, ಕಬ್ಬಿಣವನ್ನು ಉಳಿಸಿರಿ, ಕೆಲಸ ಮುಗಿದ ಮೇಲೆ ಎಣ್ಣೆ ಹಚ್ಚುವುದನ್ನು ಮರೆಯದಿರಿ.